ಹುಡುಕಲು ಹೇಳುವವರು ಹುಡುಕುವುದನ್ನೂ ಕಲಿಸಲಿ: ಪಠ್ಯಕ್ರಮ ಸಮಿತಿಗಳಿಗೂ ಶಾಲಾ ಮುಖ್ಯಸ್ಥರಿಗೂ ಒಂದು ಬಹಿರಂಗ ಪತ್ರ

ಪಠ್ಯಕ್ರಮ ಸಮಿತಿಗಳ ಮಾನ್ಯ ಸದಸ್ಯರಿಗೆ ಮತ್ತು ಶಾಲೆಗಳ ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ನಾನು ಪ್ರೌಢಶಾಲೆಯೊಂದರಲ್ಲಿ ಗ್ರಂಥಪಾಲಕನಾಗಿ ಕೆಲಸ ಮಾಡುತ್ತಿದ್ದೇನೆ. ಪ್ರಾಜೆಕ್ಟ್ ಕೆಲಸಕ್ಕೆಂದು ಬರುವ ವಿದ್ಯಾರ್ಥಿಗಳು ಬಳಸುವ ಕಂಪ್ಯೂಟರ್‌ಗಳು ನನ್ನ ಮೇಜಿನ ಎದುರಿಗೇ ಇರುವುದರಿಂದ, ಅವರು ಮಾಹಿತಿಯನ್ನು ಹೇಗೆ ಹುಡುಕುತ್ತಾರೆ ಎಂಬುದನ್ನು ದಿನವೂ ಕಣ್ಣಾರೆ ಕಾಣುತ್ತೇನೆ. ಶಿಕ್ಷಕರ ಕೈಗೆ ಹೋಗುವುದು ಮುಗಿದ ಫೈಲ್. ನನಗೆ ಕಾಣುವುದು ಆ ಫೈಲ್ ಸಿದ್ಧವಾದ ಬಗೆ. ಈ ಎರಡರ ನಡುವಿನ ಅಂತರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಶಾಲೆಯ ಸಭೆಗಳಲ್ಲಿ ಈ ಮಾತನ್ನು ಎತ್ತಿದ್ದೇನೆ. ‘ಪಠ್ಯಕ್ರಮದಲ್ಲೇ ಇಲ್ಲದ್ದಕ್ಕೆ ಸಮಯ ಎಲ್ಲಿಂದ ತರುವುದು’ ಎಂಬ ಉತ್ತರವೇ ಪ್ರತಿ ಸಲ ಸಿಕ್ಕಿದ್ದರಿಂದ, ಆ ಪಠ್ಯಕ್ರಮವನ್ನು ರೂಪಿಸುವ ಮತ್ತು ಜಾರಿಗೆ ತರುವ ನಿಮಗೇ ನೇರವಾಗಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟು. ಪಾಠಗಳ ಕೊನೆಯಲ್ಲಿ ‘ಅಂತರ್ಜಾಲದ ನೆರವಿನಿಂದ ಹೆಚ್ಚಿನ ಮಾಹಿತಿ ಸಂಗ್ರಹಿಸಿ’ ಎಂಬ ಸೂಚನೆ ಇರುತ್ತದೆ. ಹೇಗೆ ಸಂಗ್ರಹಿಸಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು, ನಂಬಿದ್ದಕ್ಕೆ ಏನು ಆಧಾರ ಕೊಡಬೇಕು ಎಂಬುದನ್ನು ನಾನು ಕಂಡ ಮಟ್ಟಿಗೆ ಯಾವ ತರಗತಿಯಲ್ಲೂ ಯಾರೂ ಹೇಳಿಕೊಡುವುದಿಲ್ಲ. ವಿದ್ಯಾರ್ಥಿ ಪ್ರಶ್ನೆಯನ್ನು ಇದ್ದಂತೆಯೇ ಟೈಪ್ ಮಾಡುತ್ತಾನೆ, ಮೇಲೆ ಬಂದ ಪುಟವನ್ನು ತೆರೆಯುತ್ತಾನೆ, ಒಂದೆರಡು ಪ್ಯಾರಾಗಳನ್ನು ಕಾಪಿ-ಪೇಸ್ಟ್ ಮಾಡಿ, ನಾಲ್ಕು ಚಿತ್ರ ಸೇರಿಸಿ ಪ್ರಿಂಟ್ ತೆಗೆಯುತ್ತಾನೆ. ಮೇಲೆ ಬಂದ ಪುಟದ ಪಕ್ಕದಲ್ಲಿ ಅದು ಜಾಹೀರಾತು ಎಂಬ ಸಣ್ಣ ಗುರುತು ಇದ್ದರೂ ಅದು ಅವನ ಗಮನಕ್ಕೆ ಬರುವುದಿಲ್ಲ. ಕೊನೆಯ ಹಾಳೆಯಲ್ಲಿ ‘ಆಕರ: ಗೂಗಲ್’ ಎಂದು ಬರೆದು ಒಪ್ಪಿಸುತ್ತಾನೆ. ಅಂದವಾದ ಮುಖಪುಟ, ಅಚ್ಚುಕಟ್ಟಾದ ಬರಹ, ಸಾಕಷ್ಟು ಪುಟ ಇದ್ದರೆ ಪೂರ್ತಿ ಅಂಕವೂ ಬರುತ್ತದೆ. ಗೂಗಲ್ ಆಕರವಲ್ಲ, ಆಕರಗಳತ್ತ ಕೈತೋರಿಸುವ ಸಾಧನ ಎಂಬ ಮೊದಲ ಪಾಠವೇ ಆ ಮಗುವಿಗೆ ಸಿಕ್ಕಿಲ್ಲ, ಮತ್ತು ಸಿಗದೆ ಇದ್ದುದರಿಂದ ಯಾವ ನಷ್ಟವೂ ಆಗಲಿಲ್ಲ ಎಂದು ನಮ್ಮ ಅಂಕಪಟ್ಟಿಯೇ ಅದಕ್ಕೆ ಹೇಳುತ್ತಿದೆ.

ಇದು ಸೋಮಾರಿ ಮಕ್ಕಳ ಕಥೆ ಎಂದು ತಿಳಿಯಬಾರದು. ಶ್ರದ್ಧೆಯಿಂದ ಕೆಲಸ ಮಾಡುವವರೂ ಎಲ್ಲಿ ಎಡವುತ್ತಾರೆ ಎಂಬುದಕ್ಕೆ ನಾನು ಹತ್ತಿರದಿಂದ ನೋಡಿದ ಒಂದು ಪ್ರಸಂಗವನ್ನು ಹೇಳಬೇಕು. ನಿದ್ರೆಗೂ ನೆನಪಿನ ಶಕ್ತಿಗೂ ಇರುವ ಸಂಬಂಧದ ಬಗ್ಗೆ ಬರೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ಅಂಕಿಅಂಶವನ್ನು ಐದು ಜಾಲತಾಣಗಳಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದಳು. ‘ಐದು ಕಡೆಯೂ ಹೀಗೇ ಇದೆ ಸರ್’ ಎಂದು ಐದೂ ಟ್ಯಾಬ್‌ಗಳನ್ನು ನನಗೆ ತೋರಿಸಿದಳು. ಓದಿ ನೋಡಿದರೆ ಐದರಲ್ಲೂ ವಾಕ್ಯ ಒಂದೇ. ಅದರಲ್ಲಿ ಬರುವ ವಿಜ್ಞಾನಿಯ ಹೆಸರಿನ ಕಾಗುಣಿತ ಐದರಲ್ಲೂ ಒಂದೇ ರೀತಿಯಲ್ಲಿ ತಪ್ಪಾಗಿತ್ತು. ಆ ವಾಕ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿ, ಬಂದ ಪುಟಗಳ ದಿನಾಂಕ ನೋಡುತ್ತಾ ಹಿಂದಕ್ಕೆ ಹೋದಾಗ, ನಮಗೆ ಸಿಕ್ಕ ಅತ್ಯಂತ ಹಳೆಯ ಪುಟ ಹಾಸಿಗೆ ಮಾರುವ ಕಂಪನಿಯೊಂದರ ಪ್ರಚಾರ ಬರಹವಾಗಿತ್ತು. ಅಲ್ಲಿ ಯಾವ ಅಧ್ಯಯನದ ಉಲ್ಲೇಖವೂ ಇರಲಿಲ್ಲ. ಅವಳು ಐದು ಸಾಕ್ಷಿಗಳು ಎಂದು ಭಾವಿಸಿದ್ದು ಒಂದೇ ಸಾಕ್ಷಿಯ ಐದು ನಕಲುಗಳು. ಇಷ್ಟನ್ನು ತೋರಿಸಲು ಬಿಡುವಿನ ಅವಧಿಯೊಂದು ಸಾಕಾಯಿತು. ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿದೆ: ‘ಇದನ್ನು ನಮಗೆ ಮೊದಲೇ ಯಾಕೆ ಹೇಳಿಕೊಡಲಿಲ್ಲ?’ ಆ ಪ್ರಶ್ನೆಯನ್ನು ನಿಮಗೆ ತಲುಪಿಸುತ್ತಿದ್ದೇನೆ.

ಒಂದು ಸುಳ್ಳು ಹೀಗೆ ತನ್ನ ನಕಲುಗಳನ್ನೇ ಆಧಾರ ಮಾಡಿಕೊಂಡು ಬೆಳೆಯುವುದು ದೊಡ್ಡವರ ಲೋಕದಲ್ಲೂ ನಡೆದಿದೆ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ವಿಕಿಪೀಡಿಯದಲ್ಲಿ ಕೋಆಟಿ ಎಂಬ ಪ್ರಾಣಿಯ ಪುಟಕ್ಕೆ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್’ ಎಂಬ ಹೆಸರೂ ಇದಕ್ಕಿದೆ ಎಂದು ತಮಾಷೆಗಾಗಿ ಸೇರಿಸಿದ. ಅಂಥ ಹೆಸರು ಇರಲೇ ಇಲ್ಲ. ಆದರೆ ಪತ್ರಿಕೆಗಳು ಅದನ್ನು ಬಳಸಿದವು, ಮುಂದೆ ಆ ಪತ್ರಿಕಾ ವರದಿಯೇ ವಿಕಿಪೀಡಿಯ ಪುಟದಲ್ಲಿ ಆಧಾರವಾಗಿ ಕಾಣಿಸಿಕೊಂಡಿತು. ವಿಷಯ ಬಯಲಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅನುಭವಿ ಸಂಪಾದಕರೇ ದಾಟಿಸಿಬಿಟ್ಟ ತಪ್ಪನ್ನು, ಯಾರೂ ದಾರಿ ತೋರಿಸದ ಹದಿಮೂರರ ಮಗು ಹಿಡಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

‘ಇಂದಿನ ಮಕ್ಕಳು ಮೊಬೈಲ್ ಹಿಡಿದೇ ಹುಟ್ಟಿದವರು, ಅವರಿಗೆ ನಾವು ಕಲಿಸುವುದೇನಿದೆ’ ಎಂಬ ಮಾತನ್ನು ಹಲವು ಹಿರಿಯರಿಂದ ಕೇಳಿದ್ದೇನೆ. ಸಾಧನವನ್ನು ಬಳಸುವ ಚುರುಕುತನವನ್ನೇ ಮಾಹಿತಿಯನ್ನು ತೂಗಿ ನೋಡುವ ಬಲ್ಮೆ ಎಂದು ತಿಳಿದುಕೊಂಡಿರುವುದರಿಂದ ಈ ಮಾತು ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣ ತಂಡವು ಹನ್ನೆರಡು ರಾಜ್ಯಗಳ ವಿದ್ಯಾರ್ಥಿಗಳಿಂದ 7,804 ಉತ್ತರಗಳನ್ನು ಸಂಗ್ರಹಿಸಿ 2016ರಲ್ಲಿ ವರದಿ ಪ್ರಕಟಿಸಿತು. ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ, ‘ಪ್ರಾಯೋಜಿತ’ ಎಂಬ ಗುರುತು ಇದ್ದ ಜಾಹೀರಾತನ್ನು ನಿಜವಾದ ಸುದ್ದಿ ಎಂದೇ ಭಾವಿಸಿದ್ದರು. ಅದೇ ತಂಡ 2019ರಲ್ಲಿ 3,446 ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದೆ, ಅಮೆರಿಕದ ಚುನಾವಣಾ ಅಕ್ರಮ ಎಂದು ಹೇಳಿಕೊಂಡ ಮಸುಕಾದ ವಿಡಿಯೊ ಒಂದನ್ನು ಇಟ್ಟಿತು. ಚಿತ್ರೀಕರಣ ಆಗಿದ್ದದ್ದು ರಷ್ಯಾದಲ್ಲಿ. ಅಂತರ್ಜಾಲದಲ್ಲಿ ಹುಡುಕುವ ಪೂರ್ಣ ಅವಕಾಶವಿದ್ದರೂ ಶೇಕಡ 52ರಷ್ಟು ಮಂದಿ ಅದನ್ನು ಗಟ್ಟಿ ಪುರಾವೆ ಎಂದು ಒಪ್ಪಿದರು; ವಿಡಿಯೊದ ಮೂಲವನ್ನು ಪತ್ತೆಹಚ್ಚಿದವರು ಮೂವರು ಮಾತ್ರ. ಪರದೆಯ ಮುಂದೆ ಬೆಳೆದ ಪೀಳಿಗೆಗೆ ಈ ವಿದ್ಯೆ ತಾನಾಗಿ ಬರುವುದಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಬುದ್ಧಿವಂತಿಕೆ, ಪಾಂಡಿತ್ಯ ಇದ್ದರೆ ಸಾಕು ಎಂಬುದೂ ಸರಿಯಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಶಿಕ್ಷಣದಲ್ಲಿ ಆಸಕ್ತಿ ಇರುವವರೆಲ್ಲ ಓದಬೇಕು. ಅವರು ಪಿಎಚ್‌ಡಿ ಪಡೆದ 10 ಮಂದಿ ಇತಿಹಾಸಕಾರರನ್ನು, ಹೇಳಿಕೆಗಳ ನಿಜಾನಿಜವನ್ನು ಪರಿಶೀಲಿಸುವ 10 ಮಂದಿ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳನ್ನು ಮತ್ತು 25 ಮಂದಿ ಪದವಿ ವಿದ್ಯಾರ್ಥಿಗಳನ್ನು ಕೂರಿಸಿ, ಹೆಸರು ಒಂದನ್ನೊಂದು ಹೋಲುವ ಮಕ್ಕಳ ವೈದ್ಯರ ಎರಡು ಸಂಘಟನೆಗಳ ಜಾಲತಾಣಗಳನ್ನು ತೋರಿಸಿದರು. ಒಂದು ದಶಕಗಳ ಇತಿಹಾಸವುಳ್ಳ ದೊಡ್ಡ ವೃತ್ತಿಸಂಸ್ಥೆ, ಇನ್ನೊಂದು ಅದರಿಂದ ಸಿಡಿದು ಬಂದ ಸಣ್ಣ ಗುಂಪು. ಹಲವು ಇತಿಹಾಸಕಾರರೂ ಬಹುಪಾಲು ವಿದ್ಯಾರ್ಥಿಗಳೂ ಆ ಸಣ್ಣ ಗುಂಪಿನ ಪುಟವನ್ನು ಮೇಲಿಂದ ಕೆಳಗಿನವರೆಗೆ ಗಮನವಿಟ್ಟು ಓದಿ, ಅದರ ವಿನ್ಯಾಸ, ಅಡಿಟಿಪ್ಪಣಿ, ಗಂಭೀರ ಭಾಷೆಗೆ ಒಲಿದು ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾಡಿದ್ದೇ ಬೇರೆ. ಅವರು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಎಂದು ನೋಡಿದರು. ಕಡಿಮೆ ಓದಿ, ಬೇಗನೆ, ಸರಿಯಾದ ತೀರ್ಮಾನಕ್ಕೆ ಬಂದರು. ಈ ಕ್ರಮಕ್ಕೆ ಸಂಶೋಧಕರು ಲ್ಯಾಟರಲ್ ರೀಡಿಂಗ್ (ಪಕ್ಕಕ್ಕೆ ಸರಿದು ಓದುವುದು) ಎಂಬ ಹೆಸರು ಕೊಟ್ಟಿದ್ದಾರೆ.

ಈ ಫಲಿತಾಂಶ ನಮ್ಮ ಅಭ್ಯಾಸಕ್ಕೆ ವಿರುದ್ಧವಾಗಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಪಠ್ಯಪುಸ್ತಕ ಓದುವಾಗ ‘ಗಮನವಿಟ್ಟು ಪೂರ್ತಿ ಓದು’ ಎನ್ನುತ್ತೇವೆ. ಅಲ್ಲಿ ಅದು ಸರಿ, ಏಕೆಂದರೆ ಆ ಪುಸ್ತಕವನ್ನು ಯಾರೋ ಈಗಾಗಲೇ ಪರಿಶೀಲಿಸಿ ಮಗುವಿನ ಕೈಗೆ ಕೊಟ್ಟಿದ್ದಾರೆ. ಅಪರಿಚಿತ ಜಾಲತಾಣದಲ್ಲಿ ಆ ಪರಿಶೀಲನೆಯ ಹೊಣೆ ಓದುಗನ ಮೇಲೆಯೇ ಬೀಳುತ್ತದೆ, ಆದ್ದರಿಂದ ಓದುವ ಮೊದಲು ಹೊರಗೆ ಹೋಗಿ ವಿಚಾರಿಸಬೇಕಾಗುತ್ತದೆ. ಕೆಲವು ಶಾಲೆಗಳಲ್ಲಿ ಒಂದು ಹಳೆಯ ಚೆಕ್‌ಲಿಸ್ಟ್ ಗೋಡೆಗೆ ಅಂಟಿಸಿರುವುದನ್ನು ನೋಡಿದ್ದೇನೆ: ವಿಳಾಸ ಡಾಟ್ ಆರ್ಗ್ ಎಂದು ಕೊನೆಯಾಗುತ್ತದೆಯೇ, ಬೀಗದ ಚಿಹ್ನೆ ಇದೆಯೇ, ಕಾಗುಣಿತ ಸರಿಯಿದೆಯೇ, ‘ನಮ್ಮ ಬಗ್ಗೆ’ ಎಂಬ ಪುಟ ಇದೆಯೇ. ಡಾಟ್ ಆರ್ಗ್ ವಿಳಾಸವನ್ನು ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಬೀಗದ ಚಿಹ್ನೆ ಹೇಳುವುದು ನಿಮ್ಮ ಮತ್ತು ಜಾಲತಾಣದ ನಡುವಿನ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ. ಅಲ್ಲಿರುವ ಮಾತು ನಿಜವೋ ಅಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ನಮ್ಮ ಬಗ್ಗೆ’ ಪುಟವನ್ನು ಬರೆದವರು ಆ ಜಾಲತಾಣದವರೇ. ಈ ಪಟ್ಟಿಯನ್ನು ನಂಬಿದ ಮಗು ಪಟ್ಟಿಯೇ ಇಲ್ಲದ ಮಗುವಿಗಿಂತ ಹೆಚ್ಚು ಸುಲಭವಾಗಿ ಮೋಸಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದಕ್ಕೆ ತಾನು ಪರೀಕ್ಷಿಸಿದ್ದೇನೆ ಎಂಬ ಸುಳ್ಳು ಧೈರ್ಯ ಬಂದಿರುತ್ತದೆ.

ಇದಕ್ಕಿಂತ ಉತ್ತಮವಾದ ಕ್ರಮಗಳು ಈಗಾಗಲೇ ಇವೆ. ಮೈಕ್ ಕಾಲ್ಫೀಲ್ಡ್ ಎಂಬ ಅಧ್ಯಾಪಕರು ರೂಪಿಸಿದ ಸಿಫ್ಟ್ ಎಂಬ ವಿಧಾನದಲ್ಲಿ ನಾಲ್ಕೇ ಹೆಜ್ಜೆಗಳಿವೆ: ಹಂಚುವ ಅಥವಾ ನಂಬುವ ಮೊದಲು ನಿಲ್ಲುವುದು, ಹೇಳುತ್ತಿರುವವರು ಯಾರೆಂದು ವಿಚಾರಿಸುವುದು, ಅದೇ ವಿಷಯದ ಮೇಲೆ ಇನ್ನೂ ಉತ್ತಮ ವರದಿ ಇದೆಯೇ ಎಂದು ನೋಡುವುದು, ಮಾತು ಅಥವಾ ಚಿತ್ರ ಮೊದಲು ಎಲ್ಲಿಂದ ಬಂತೆಂದು ಹಿಂಬಾಲಿಸುವುದು. ಪ್ರವಾಹಕ್ಕೆ ಸಿಲುಕಿದ ಹೆದ್ದಾರಿಯಲ್ಲಿ ಶಾರ್ಕ್ ಈಜುತ್ತಿದೆ ಎಂಬ ಚಿತ್ರ 2011ರಿಂದ ಹಲವು ಚಂಡಮಾರುತಗಳ ಹೆಸರಿನಲ್ಲಿ ಹರಿದಾಡಿದೆ. ಅದರಲ್ಲಿರುವ ಶಾರ್ಕ್, 2005ರಲ್ಲಿ ಪ್ರಕಟವಾದ ಸಮುದ್ರದ ಚಿತ್ರವೊಂದರಿಂದ ಕತ್ತರಿಸಿ ಅಂಟಿಸಿದ್ದು. ಚಿತ್ರವನ್ನೇ ಕೊಟ್ಟು ಹುಡುಕುವ ರಿವರ್ಸ್ ಇಮೇಜ್ ಸರ್ಚ್ ಸೌಲಭ್ಯ ಬಳಸಲು ಒಮ್ಮೆ ಕಲಿತ ವಿದ್ಯಾರ್ಥಿ ಇದನ್ನು ನಿಮಿಷಗಳಲ್ಲಿ ಪತ್ತೆಮಾಡಬಲ್ಲ. ಹೀಗೆ ಪತ್ತೆಮಾಡಿದಾಗ ಮಕ್ಕಳ ಮುಖದಲ್ಲಿ ಮೂಡುವ ಉತ್ಸಾಹ ಎಷ್ಟೆಂದರೆ, ಮುಂದಿನ ಚಿತ್ರವನ್ನು ತಾವೇ ಹುಡುಕಿಕೊಂಡು ಬರುತ್ತಾರೆ.

ಪ್ರಕಟಣೆಯ ದಿನಾಂಕವನ್ನೂ ಆ ಮಾತಿಗೆ ಆಮೇಲೆ ಏನಾಯಿತು ಎಂಬುದನ್ನೂ ನೋಡುವ ಅಭ್ಯಾಸವೂ ಇದರ ಭಾಗವೇ. ದಡಾರ, ಮಂಗನಬಾವು, ರುಬೆಲ್ಲಾ ರೋಗಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಮಕ್ಕಳ ಬೆಳವಣಿಗೆಯ ಸಮಸ್ಯೆಯಾದ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ, ಕೇವಲ 12 ಮಕ್ಕಳನ್ನು ಆಧರಿಸಿದ ಪ್ರಬಂಧ 1998ರಲ್ಲಿ ಲ್ಯಾನ್ಸೆಟ್‌ನಂಥ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆದರೂ ಆ ವಾದ ಇಂದಿಗೂ ಸುತ್ತುತ್ತಲೇ ಇದೆ. ‘ದೊಡ್ಡ ಪತ್ರಿಕೆಯಲ್ಲಿ ಬಂದಿದೆ’ ಎಂಬಲ್ಲಿಗೆ ವಿಚಾರಣೆ ಮುಗಿಯುವುದಿಲ್ಲ ಎಂದು ತೋರಿಸಲು ಇದೊಂದೇ ಉದಾಹರಣೆ ಸಾಕು.

ಇನ್ನು ನಿಷೇಧಗಳ ವಿಷಯ. ‘ವಿಕಿಪೀಡಿಯ ಬಳಸಬಾರದು’ ಎಂಬ ಆಜ್ಞೆ ಹಲವು ಶಾಲೆಗಳಲ್ಲಿದೆ. ಮಕ್ಕಳು ಅದನ್ನು ಬಳಸುತ್ತಾರೆ, ಹೆಸರು ಹೇಳದೆ ಬಚ್ಚಿಡುತ್ತಾರೆ. ಆಜ್ಞೆಯಿಂದ ಅವರು ಕಲಿಯುವುದು ಬಚ್ಚಿಡುವುದನ್ನು. ವಿಜ್ಞಾನ ಪತ್ರಿಕೆ ನೇಚರ್ 2005ರಲ್ಲಿ 42 ವಿಜ್ಞಾನ ಲೇಖನಗಳನ್ನು ತಜ್ಞರಿಂದ ಪರಿಶೀಲನೆ ಮಾಡಿಸಿದಾಗ ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು, ಹೆಸರಾಂತ ವಿಶ್ವಕೋಶ ಬ್ರಿಟಾನಿಕಾದಲ್ಲಿ ಸುಮಾರು ಮೂರು ತಪ್ಪುಗಳು ಕಂಡುಬಂದವು. ಬ್ರಿಟಾನಿಕಾ ಈ ಹೋಲಿಕೆಯನ್ನು ಒಪ್ಪಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ನನ್ನ ಮಾತು ಇಷ್ಟೇ: ವಿಕಿಪೀಡಿಯವನ್ನು ಹುಡುಕಾಟದ ಮೊದಲ ಮೆಟ್ಟಿಲಾಗಿ ಬಳಸಲು, ಅಡಿಟಿಪ್ಪಣಿಯಲ್ಲಿರುವ ಆಕರಕ್ಕೆ ಹೋಗಿ ಅಲ್ಲಿ ನಿಜವಾಗಿ ಏನಿದೆ ಎಂದು ಓದಲು, ಪುಟದ ಇತಿಹಾಸ ಮತ್ತು ಚರ್ಚೆಯ ವಿಭಾಗವನ್ನು ನೋಡಲು ಕಲಿಸಿ. ಆಗ ಅದು ಮಗುವಿಗೆ ಜ್ಞಾನ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನೇ ತೋರಿಸುತ್ತದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಮಾತು ಇನ್ನಷ್ಟು ತುರ್ತಿನದಾಗಿದೆ. ಈಗ ಮಗು ಮೊದಲ ಪುಟವನ್ನೂ ತೆರೆಯಬೇಕಾಗಿಲ್ಲ. ಸೊಗಸಾದ ಭಾಷೆಯಲ್ಲಿ ಸಿದ್ಧ ಉತ್ತರ ಬರುತ್ತದೆ. ಇಂಥ ವ್ಯವಸ್ಥೆಗಳು ಮುಂದೆ ಬರಬಹುದಾದ ಪದಗಳನ್ನು ಊಹಿಸುತ್ತಾ ವಾಕ್ಯ ಕಟ್ಟುವುದರಿಂದ, ಇಲ್ಲದ ಪುಸ್ತಕ, ಇಲ್ಲದ ಲೇಖಕ, ಇಲ್ಲದ ಅಧ್ಯಯನಗಳನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಕೊಡಬಲ್ಲವು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಕೊಟ್ಟ ಅಸ್ತಿತ್ವದಲ್ಲೇ ಇಲ್ಲದ ಮೊಕದ್ದಮೆಗಳನ್ನು ಪರೀಕ್ಷಿಸದೆ ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಅದರ ಒಂದು ಎಳೆ ನಮ್ಮ ಗ್ರಂಥಾಲಯಕ್ಕೂ ಬಂದಿದೆ: ಶೀರ್ಷಿಕೆ, ಲೇಖಕ, ವರ್ಷ ಎಲ್ಲವೂ ಇರುವ ಚೀಟಿ ಹಿಡಿದು ‘ಈ ಪುಸ್ತಕ ಬೇಕು’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಹುಡುಕಿದರೆ ಯಾವ ಗ್ರಂಥಾಲಯದ ಸೂಚಿಯಲ್ಲೂ ಅಂಥ ಪುಸ್ತಕವಿಲ್ಲ. ಇದಕ್ಕೆ ಶಾಲೆಗಳು ಕೊಡುತ್ತಿರುವ ಉತ್ತರ ಒಂದೋ ಪೂರ್ಣ ನಿಷೇಧ, ಇಲ್ಲವೇ ಪೂರ್ಣ ಮೌನ. ಎರಡೂ ಮಕ್ಕಳನ್ನು ಒಂಟಿಯಾಗಿ ಬಿಡುತ್ತವೆ. ಎಲ್ಲಿ ಬಳಸಬಹುದು, ಬಳಸಿದ್ದನ್ನು ಹೇಗೆ ತಿಳಿಸಬೇಕು, ಅದು ಹೇಳಿದ ಪ್ರತಿಯೊಂದು ಸಂಗತಿಗೂ ಹೊರಗಿನ ಆಕರ ಬೇಕು ಎಂಬ ನಿಯಮಗಳು ಲಿಖಿತವಾಗಿ, ವಿದ್ಯಾರ್ಥಿಗೆ ಅರ್ಥವಾಗುವ ಭಾಷೆಯಲ್ಲಿ ಬೇಕು.

ಒಂದು ಎಚ್ಚರಿಕೆಯನ್ನು ನಾನೇ ಹೇಳಬೇಕು, ಏಕೆಂದರೆ ಈ ಪಾಠವನ್ನು ಅರೆಬರೆಯಾಗಿ ಕಲಿಸಿದರೆ ಕೇಡೇ ಹೆಚ್ಚು. ಸುಳ್ಳುಸುದ್ದಿಯ ಬಗ್ಗೆ ಒಂದು ಭಾಷಣ ಕೇಳಿ ಬಂದ ವಿದ್ಯಾರ್ಥಿಗಳು ‘ಹಾಗಾದರೆ ಎಲ್ಲವೂ ಸುಳ್ಳೇ, ಯಾರನ್ನೂ ನಂಬುವ ಹಾಗಿಲ್ಲ’ ಎನ್ನುವುದನ್ನು ಕೇಳಿದ್ದೇನೆ. ಎಲ್ಲವನ್ನೂ ನಂಬುವವನು ಮತ್ತು ಏನನ್ನೂ ನಂಬದವನು ಇಬ್ಬರೂ ವಿಚಾರಿಸುವ ಶ್ರಮವನ್ನು ಕೈಬಿಟ್ಟವರೇ. ಎರಡನೆಯವನಿಗೆ ವಿಜ್ಞಾನಿಯ ವರ್ಷಗಳ ದುಡಿಮೆಯೂ ಅನಾಮಧೇಯನ ಒಂದು ಸಾಲಿನ ಪೋಸ್ಟೂ ಸಮನಾಗಿ ಕಾಣತೊಡಗುತ್ತವೆ. ಕೊನೆಗೆ ತನಗೆ ಹಿತವಾದದ್ದನ್ನೇ ಆರಿಸಿಕೊಳ್ಳುತ್ತಾನೆ. ಆದ್ದರಿಂದ ಪಾಠದಲ್ಲಿ ಸುಳ್ಳನ್ನು ಬಯಲುಮಾಡುವುದಕ್ಕೆ ಕೊಟ್ಟಷ್ಟೇ ಸಮಯವನ್ನು ನಂಬಲರ್ಹವಾದುದನ್ನು ಗುರುತಿಸುವುದಕ್ಕೂ ಕೊಡಬೇಕು. ಒಂದು ಪತ್ರಿಕೆ ತನ್ನ ತಪ್ಪಿಗೆ ತಿದ್ದುಪಡಿ ಪ್ರಕಟಿಸಿದರೆ ಅದು ಏಕೆ ವಿಶ್ವಾಸ ಹೆಚ್ಚಿಸುವ ಸಂಗತಿ, ಒಂದು ಕ್ಷೇತ್ರದ ತಜ್ಞರಲ್ಲಿ ಬಹುಮತ ಹೇಗೆ ಮೂಡುತ್ತದೆ, ಒಬ್ಬ ತಜ್ಞನ ಭಿನ್ನಮತಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೆಲ್ಲ ಮಕ್ಕಳಿಗೆ ಅರ್ಥವಾಗದ ವಿಷಯಗಳಲ್ಲ. ನಾನು ವಿವರಿಸಿ ನೋಡಿದ್ದೇನೆ, ಅರ್ಥವಾಗುತ್ತದೆ.

ಹೊಣೆಗಾರಿಕೆಯ ಇನ್ನೊಂದು ಮುಖವೂ ಇದೆ. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಎಲ್ಲರ ಸ್ವತ್ತು ಎಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಷ್ಟೇ ಅಲ್ಲ, ಶಿಕ್ಷಕರಲ್ಲೂ ಇದೆ. ಇನ್ನೊಬ್ಬರ ಮಾತನ್ನು ಉದ್ಧರಣ ಚಿಹ್ನೆಯಲ್ಲಿ ಹೆಸರಿನೊಂದಿಗೆ ಕೊಡುವುದು, ಚಿತ್ರ ತೆಗೆದವರನ್ನು ನಮೂದಿಸುವುದು, ತಮ್ಮ ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದು ಎಂದು ಸೃಷ್ಟಿಸಿದವರೇ ತಿಳಿಸುವ, 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳ ಅರ್ಥ ತಿಳಿಯುವುದು ಚಿಕ್ಕ ಕೆಲಸಗಳು, ಆದರೆ ಬೇರೆಯವರ ದುಡಿಮೆಯನ್ನು ಗೌರವಿಸುವುದನ್ನು ಇವೇ ಕಲಿಸುತ್ತವೆ. ಹಂಚುವ ಮೊದಲು ಯೋಚಿಸುವುದೂ ಹಾಗೆಯೇ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇಕಡ 70ರಷ್ಟು ಹೆಚ್ಚು. ಅದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಹೊಸದೆನಿಸಿದ್ದನ್ನು ಹಂಚಲು ಮುಂದಾಗುವ ಮನುಷ್ಯರು.

ಈಗ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಅಂಕಗಳ ಬಗ್ಗೆ, ಏಕೆಂದರೆ ಶಾಲೆಯಲ್ಲಿ ಅಂಕವಿಲ್ಲದ ಯಾವುದಕ್ಕೂ ಉಳಿಗಾಲವಿಲ್ಲ ಎಂಬುದು ನಿಮಗೂ ಗೊತ್ತು. ಪ್ರಾಜೆಕ್ಟ್‌ಗೆ ಕೊಡುವ ಅಂಕಗಳಲ್ಲಿ ಕನಿಷ್ಠ ಅರ್ಧವನ್ನು ಹುಡುಕಿದ ದಾರಿಗೆ ಮೀಸಲಿಡಿ. ವಿದ್ಯಾರ್ಥಿ ಯಾವ ಪದಗಳನ್ನು ಬಳಸಿ ಹುಡುಕಿದ, ಯಾವ ಆಕರವನ್ನು ಕೈಬಿಟ್ಟ, ಏಕೆ ಕೈಬಿಟ್ಟ, ಎಲ್ಲಿ ಮನಸ್ಸು ಬದಲಾಯಿಸಿದ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಿ. ಆ ಹಾಳೆಯನ್ನು ಕಾಪಿ ಮಾಡುವುದು ಸುಲಭವಲ್ಲ, ಅದನ್ನು ಓದಿದ ಶಿಕ್ಷಕರಿಗೆ ಮಗು ಎಲ್ಲಿ ತೊಡಕಿಕೊಂಡಿದೆ ಎಂಬುದೂ ತಿಳಿಯುತ್ತದೆ. ಇಪ್ಪತ್ತು ಪುಟದ ಪ್ರಾಜೆಕ್ಟ್‌ಗಿಂತ ಮೂರು ಪುಟದ ಪ್ರಾಜೆಕ್ಟ್ ಮತ್ತು ಈ ಒಂದು ಹಾಳೆ ಹೆಚ್ಚು ಬೆಲೆಬಾಳುತ್ತದೆ.

ಎರಡನೆಯದಾಗಿ, ಇದನ್ನು ಕಂಪ್ಯೂಟರ್ ಪಿರಿಯಡ್‌ಗೆ ತಳ್ಳಿ ಕೈತೊಳೆದುಕೊಳ್ಳಬೇಡಿ. ಸಮಾಜ ವಿಜ್ಞಾನದಲ್ಲಿ ಹಳೆಯ ದಾಖಲೆಯನ್ನು ಪರಿಶೀಲಿಸುವುದು, ವಿಜ್ಞಾನದಲ್ಲಿ ಆರೋಗ್ಯದ ಹೇಳಿಕೆಯನ್ನು ತೂಗುವುದು, ಗಣಿತದಲ್ಲಿ ದಾರಿತಪ್ಪಿಸುವ ನಕ್ಷೆಯನ್ನು ಬಿಡಿಸಿ ನೋಡುವುದು, ಭಾಷೆಯ ತರಗತಿಯಲ್ಲಿ ಉದ್ರೇಕಿಸುವ ತಲೆಬರಹವನ್ನು ಚರ್ಚಿಸುವುದು ಆಯಾ ವಿಷಯದ ಒಳಗಿನ ಕೆಲಸಗಳೇ ಆಗಿವೆ. ಫಿನ್‌ಲೆಂಡ್ 2016ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ಬಹುಸಾಕ್ಷರತೆ ಎಂಬ ಹೆಸರಿನಲ್ಲಿ ಇದನ್ನು ಎಲ್ಲ ವಿಷಯಗಳಲ್ಲೂ ಹೆಣೆದಿದೆ. ಸಮಯವಿಲ್ಲ ಎಂಬ ಮಾತಿಗೂ ಉತ್ತರವಿದೆ: ಸ್ಟ್ಯಾನ್‌ಫರ್ಡ್ ತಂಡ ಅಮೆರಿಕದ ಒಂದು ಶಾಲಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ತಲಾ 50 ನಿಮಿಷಗಳ ಆರು ಪಾಠಗಳನ್ನಷ್ಟೇ ಸಾಮಾನ್ಯ ಶಿಕ್ಷಕರಿಂದ ಮಾಡಿಸಿತು, ಪಾಠ ಪಡೆದವರ ಸಾಮರ್ಥ್ಯ ಪಡೆಯದವರಿಗಿಂತ ಗಮನಾರ್ಹವಾಗಿ ಹೆಚ್ಚಿತು. ಆರು ಅವಧಿಗಳನ್ನು ವರ್ಷದಲ್ಲಿ ಹೊಂದಿಸಲಾಗದು ಎಂದು ಯಾವ ಶಾಲೆಯೂ ಹೇಳಲಾರದು.

ಶಿಕ್ಷಕರಿಗೆ ಮೊದಲು ಕಲಿಯಲು ಅವಕಾಶ ಕೊಡಿ. ಒಂದು ದಿನದ ಭಾಷಣ ಮತ್ತು ಪ್ರಮಾಣಪತ್ರ ಸಾಲದು. ಅವರೇ ಕಂಪ್ಯೂಟರ್ ಮುಂದೆ ಕುಳಿತು, ಮಕ್ಕಳಿಗೆ ಕೊಡುವ ಅಭ್ಯಾಸಗಳನ್ನು ತಾವು ಮಾಡಿ ನೋಡಬೇಕು. ಗ್ರಂಥಪಾಲಕರಿರುವ ಕಡೆ ಅವರನ್ನು ಈ ಕೆಲಸಕ್ಕೆ ತೊಡಗಿಸಿ, ಇಲ್ಲದ ಕಡೆ ನೇಮಿಸಿ. ಮತ್ತು ಅಭ್ಯಾಸದ ಸಾಮಗ್ರಿ ಮಕ್ಕಳು ಮನೆಯಲ್ಲಿ ಮಾತನಾಡುವ, ಶಾಲೆಯಲ್ಲಿ ಓದುವ ಭಾಷೆಯಲ್ಲೇ ಇರಲಿ. ಅಂತರ್ಜಾಲದಲ್ಲಿ ಬರಹ ಕಡಿಮೆ ಇರುವ ಭಾಷೆಯ ವಿದ್ಯಾರ್ಥಿಗೆ ಹೊರಗೆ ಹೋಗಿ ವಿಚಾರಿಸಲು ಪುಟಗಳೇ ಕಡಿಮೆ ಸಿಗುತ್ತವೆ, ಸಿಕ್ಕಿದ್ದರಲ್ಲಿ ಯಂತ್ರಾನುವಾದದ ಪುಟಗಳೂ ಸೇರಿರುತ್ತವೆ. ಅಂಥ ಮಗುವಿಗೆ ಎರಡು ಭಾಷೆಗಳಲ್ಲಿ ಹುಡುಕಿ ಹೋಲಿಸುವ ಕ್ರಮವನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕಾಗುತ್ತದೆ.

ಮುಂದಿನ ಶೈಕ್ಷಣಿಕ ವರ್ಷದ ಮೌಲ್ಯಮಾಪನ ನಮೂನೆಗಳು ಅಚ್ಚಿಗೆ ಹೋಗುವ ಮೊದಲು, ಹುಡುಕಿದ ದಾರಿಯನ್ನು ದಾಖಲಿಸುವ ಆ ಒಂದು ಹಾಳೆಯನ್ನು ಪ್ರಾಜೆಕ್ಟ್‌ನ ಭಾಗವಾಗಿ ಸೇರಿಸಬೇಕೆಂದು ಕೋರುತ್ತೇನೆ. ಉಳಿದ ಬೇಡಿಕೆಗಳಿಗೆ ಹಣ, ಹುದ್ದೆ, ಸಭೆಗಳು ಬೇಕಾಗಬಹುದು. ಇದಕ್ಕೆ ಒಂದು ಆದೇಶ ಸಾಕು. ಹಾಳೆಯ ಕರಡನ್ನೂ, ಆರು ಅವಧಿಗಳ ಅಭ್ಯಾಸಗಳನ್ನೂ ಸಿದ್ಧಪಡಿಸಿ ಕೊಡಲು ನನ್ನಂಥ ಗ್ರಂಥಪಾಲಕರು ಮತ್ತು ಶಿಕ್ಷಕರು ಸಿದ್ಧರಿದ್ದೇವೆ. ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲ ಎಂಬುದನ್ನು ನೀವೂ ಹೀಗೆಯೇ ಬಹಿರಂಗವಾಗಿ ತಿಳಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಶಾಲಾ ಗ್ರಂಥಪಾಲಕ